ಹಗ್ಗದ ಹಿಂದಿನ ಗಾಡಿ

ಎಳೆಯುವವನು ದಾರಿ ನೋಡಬೇಕು, ಎಳೆಸಿಕೊಳ್ಳುವವನು ಹಗ್ಗ ನೋಡಬೇಕು. ಕೆಟ್ಟ ಗಾಡಿಯನ್ನು ಇನ್ನೊಂದಕ್ಕೆ ಕಟ್ಟಿ ಒಯ್ಯುವ ವಿದ್ಯೆಯೆಲ್ಲ ಇಷ್ಟರಲ್ಲೇ ಉಂಟು ಎಂದು ಅಪ್ಪ ಹೇಳುತ್ತಿದ್ದರು. ಡೊಂಬಿವಲಿಯಲ್ಲಿ ನಮ್ಮ ಕರಾವಳಿ ಕಡೆಯ ಹೋಟೆಲಿನವರ ಗಾಡಿ ಎಲ್ಲಿ ನಿಂತರೂ ಬುಲಾವು ಬರುತ್ತಿದ್ದುದು ಅಪ್ಪನಿಗೇ. ಹಿಂದಿನ ಗಾಡಿಯಲ್ಲಿ ಕೂರುವವರೂ ಅವರೇ. "ಮುಂದೆ ಕತ್ತೆ ಕಟ್ಟಿದ್ರೂ ಎಳೀತದೆ. ಹಿಂದೆ ಡ್ರೈವರ್ ಬೇಕು," ಎನ್ನುವರು.

ಮಾತು ಸುಳ್ಳಲ್ಲ. ಮುಂದಿನವನು ಕೈ ಹೊರಚಾಚಿ ಮೇಲೆ ಕೆಳಗೆ ಆಡಿಸಿದ ಕೂಡಲೇ ಹಿಂದಿನವನು ಬ್ರೇಕ್ ಒತ್ತಬೇಕು. ಹಗ್ಗ ಸಡಿಲಾಗಲು ಬಿಡಬಾರದು. ಸಡಿಲಾದ ಹಗ್ಗ ಚಕ್ರಕ್ಕೆ ಸಿಕ್ಕುತ್ತದೆ, ಇಲ್ಲವೇ ಮತ್ತೆ ಬಿಗಿಯುವಾಗ ಜಗ್ಗಿ ಹರಿಯುತ್ತದೆ. ಹಗ್ಗ ಕಾಣಲೆಂದು ನಡುವೆ ಕೆಂಪು ಬಟ್ಟೆ ಕಟ್ಟುವುದು. ಬಂಪರಿಗೆ ಗಂಟು ಹಾಕಬಾರದು, ಅದು ಕಿತ್ತು ಬರುತ್ತದೆ. ಎಳೆಸಿಕೊಳ್ಳುವ ಗಾಡಿಯಲ್ಲಿ ಡ್ರೈವರ್ ಬಿಟ್ಟು ಇನ್ನೊಂದು ಜೀವ ಇರಬಾರದು. ಈ ಕೊನೆಯದನ್ನು ಮಾತ್ರ ಅಪ್ಪ ದೇವರ ಮೇಲೆ ಆಣೆ ಹಾಕಿದವರ ಹಾಗೆ ಪಾಲಿಸುತ್ತಿದ್ದರು.

ಅಪ್ಪನಿಗೆ ಸ್ವಂತದ್ದೊಂದು ಹಳೆಯ ಫಿಯೆಟ್ ಇತ್ತು. ಮದುವೆಗೆ, ವಿಮಾನ ನಿಲ್ದಾಣಕ್ಕೆ, ಆಸ್ಪತ್ರೆಗೆ ಬಾಡಿಗೆ ಹೋಗುವರು. ಹದಿಹರೆಯದಲ್ಲಿ ಊರು ಬಿಟ್ಟು ಬಂದವರು ಕಲಿತ ಕಸುಬು ಅದೊಂದೇ. ಎಂಬತ್ತರ ದಶಕದ ನಡುವೆ ಸಂಜೆ ಬಾಡಿಗೆ ಬಿಡತೊಡಗಿದರು. ಕೇಳಿದರೆ, ಸಂಜೆಯ ಗಿರಾಕಿಗಳು ಕುಡಿದು ಬರುತ್ತಾರೆ ಎಂಬ ಉತ್ತರ. ಪೇಪರನ್ನು ನನ್ನಿಂದ ಓದಿಸುವರು. ಸಕ್ಕರೆ ಕಾಯಿಲೆ ಹಿಡಿದು ವರ್ಷಗಳಾಗಿದ್ದವು. "ಒಮ್ಮೆ ಕಣ್ಣು ತೋರಿಸಿಕೊಂಡು ಬನ್ನಿ," ಎಂದು ಅಮ್ಮ ಹೇಳಿದರೆ, "ಕಣ್ಣಿಗೆ ಎಂಥದೂ ಆಗ್ಲಿಲ್ಲ ಮಾರಾಯ್ತಿ. ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆ," ಎಂದು ನಗಿಸಿಬಿಡುವರು. ನಾವು ನಗುತ್ತಿದ್ದೆವು. ಕಣ್ಣು ಹೋದರೆ ಸ್ಟೇರಿಂಗ್ ಹೋಯಿತು. ಸ್ಟೇರಿಂಗ್ ಹೋದರೆ ಅಪ್ಪ ಏನಾಗಿ ಉಳಿಯುತ್ತಾರೆಂದು ಯೋಚಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಆ ಮಳೆಗಾಲದ ಕೊನೆಯಲ್ಲಿ ಫಿಯೆಟ್ಟಿನ ಕ್ಲಚ್ ಸವೆದು ಗಾಡಿ ಮನೆ ಮುಂದೆಯೇ ನಿಂತಿತು. ಅಪ್ಪ ನಂಬುವ ಗಾಡಿ ರಿಪೇರಿಯ ಮಿಸ್ತ್ರಿ ಇದ್ದದ್ದು ಠಾಣೆ ಪಟ್ಟಣದಲ್ಲಿ. ಡೊಂಬಿವಲಿ ಸ್ಟೇಷನ್ ಹತ್ತಿರ ಹೋಟೆಲು ಇಟ್ಟಿದ್ದ ಅಪ್ಪನ ಗೆಳೆಯ, ನಾನು ಮಾಮ ಎಂದು ಕರೆಯುವವರು, ತಮ್ಮ ಅಂಬಾಸಡರ್ ತಂದರು. ಅಮ್ಮ, ಊರಿನಿಂದ ಬರುವಾಗ ಹೊತ್ತು ತಂದಿದ್ದ ಬಾವಿ ಹಗ್ಗವನ್ನು ಹೊರಗೆ ತೆಗೆದಳು. ಚಾಳಿನ ನಲ್ಲಿ ನೀರಿಗೆ ಬಾವಿ ಹಗ್ಗ ಯಾಕೆ ಎಂದು ನೆರೆಯ ಮರಾಠಿ ಹೆಂಗಸರು ಅವಳನ್ನು ಬಹಳ ಸಲ ಕಿಚಾಯಿಸಿದ್ದರು. ಕೆಂಪು ಬಟ್ಟೆಗೆಂದು ಯಾರೋ ಅರಿಶಿನ ಕುಂಕುಮದಲ್ಲಿ ಕೊಟ್ಟ ಹೊಸ ರವಿಕೆ ಕಣವನ್ನೇ ಕೊಟ್ಟಳು. ಕೆಂಪೆಂದರೆ ಕಣ್ಣು ಕುಕ್ಕುವ ಕೆಂಪು.

ಎಲ್ಲ ಕಟ್ಟಿ ಮುಗಿದ ಮೇಲೆ ಅಪ್ಪ ನನ್ನನ್ನು ಕರೆದರು. "ನೀನೂ ಬಾ. ಪಕ್ಕ ಕೂತ್ಕೋ."

"ಇನ್ನೊಂದು ಜೀವ ಇರಬಾರದಲ್ಲ ಅಪ್ಪ?"

"ರಜೆ ಅಲ್ವಾ ನಿಂಗೆ? ಬಾ ಅಂದ್ರೆ ಬಾ."

ಮಾಮ ಒಂದು ಗಳಿಗೆ ಅಪ್ಪನನ್ನು ನೋಡಿದರು. ಆಮೇಲೆ ಹೋಗಿ ತಮ್ಮ ಗಾಡಿಯಲ್ಲಿ ಕೂತರು.

ಶೀಳ್ ಫಾಟಾದವರೆಗೆ ರಸ್ತೆ ಖಾಲಿ. ಮಳೆ ನಿಂತಿತ್ತು, ಮೋಡ ಸರಿದಿರಲಿಲ್ಲ. ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಕೂರುವುದು ವಿಚಿತ್ರ. ಚಕ್ರ ಕೆಸರು ತುಳಿಯುವುದು, ಹಗ್ಗ ಕಿರುಗುಟ್ಟುವುದು ಎಲ್ಲ ಕೇಳಿಸುತ್ತದೆ. ಅಪ್ಪ ಗಾಜಿನ ಹತ್ತಿರಕ್ಕೆ ಬಾಗಿ ಕೂತಿದ್ದರು. ಹಾಗೆ ಬಾಗಿ ಗಾಡಿ ಬಿಡುವವರನ್ನು ಕಂಡರೆ ಅವರೇ ಹಾಸ್ಯ ಮಾಡುತ್ತಿದ್ದರು.

ಮುಂಬ್ರಾದ ಹತ್ತಿರ ಬೆಟ್ಟದ ಬುಡದಲ್ಲಿ ರಸ್ತೆ ಇಳಿಯುತ್ತದೆ. ಎದುರಿಗೆ ಒಂದು ಕೈಗಾಡಿ ಅಡ್ಡ ಬಂತು. ಮಾಮ ಕೈ ಹೊರಹಾಕಿ ಆಡಿಸಿದರು. ನನಗೆ ಕಂಡಿತು. ಹಗ್ಗ ಸಡಿಲಾಗಿ ಕೆಂಪು ಕಣ ಡಾಂಬರಿಗೆ ತಾಗಿತು. ಅಪ್ಪ ಬ್ರೇಕ್ ಒತ್ತಲಿಲ್ಲ.

"ಅಪ್ಪ!"

ಒತ್ತುವಷ್ಟರಲ್ಲಿ ಹೋಗಿ ಬಡಿದಾಗಿತ್ತು. ಜೋರಾಗಿ ಅಲ್ಲ. ಅಂಬಾಸಡರಿನ ಹಿಂಬದಿ ಸ್ವಲ್ಪ ನಗ್ಗಿತು, ನಮ್ಮದೊಂದು ದೀಪ ಒಡೆಯಿತು. ಮಾಮ ಇಳಿದು ಬಂದರು.

"ಎಂಥ ಭಾವ, ನಿದ್ದೆಯಾ?"

"ನಿದ್ದೆ ಎಂಥದು! ಇವಳ ಅಮ್ಮ ಎಂಥ ಬಟ್ಟೆ ಕೊಟ್ಟದ್ದು ನೋಡು. ಮಣ್ಣಿನ ಬಣ್ಣ. ಕಾಣುದೇ ಇಲ್ಲ."

ಮಾಮ ಹಗ್ಗದ ಕಡೆ ತಿರುಗಿದರು. ಒದ್ದೆ ರಸ್ತೆಯ ಮೇಲೆ ಆ ಕಣ ದಾಸವಾಳದ ಹೂವಿನ ಹಾಗೆ ಬಿದ್ದಿತ್ತು. ಕೈಗಾಡಿಯವನೂ ಅದನ್ನೇ ನೋಡುತ್ತಿದ್ದ. ಮಾಮ ಅದರ ಮೇಲಿನ ಕೆಸರನ್ನು ಬೆರಳಲ್ಲಿ ಒರೆಸಿದರು. ಕೆಸರೇನೂ ಹೆಚ್ಚಿರಲಿಲ್ಲ.

"ಹೌದು ಭಾವ," ಎಂದರು. "ಮಾಸಿದೆ. ಯಾರಿಗೂ ಕಾಣುದಿಲ್ಲ." ಹಿಂದಿರುಗುವಾಗ ನನ್ನ ಕಿಟಕಿಯ ಹತ್ತಿರ ನಿಂತು ಮೆಲ್ಲಗೆ, "ಹೇಳ್ತಾ ಇರು ಮಗಾ," ಎಂದರು.

ಗಾಡಿ ಮತ್ತೆ ಹೊರಟಿತು. ಹೇಗೆ ಹೇಳುವುದು? ಹೇಳಿದರೆ ಅಪ್ಪನಿಗೆ ಕಾಣುತ್ತಿಲ್ಲವೆಂದು ನನಗೆ ಗೊತ್ತಾಗಿದೆ ಎಂದು ಒಪ್ಪಿದ ಹಾಗೆ. ಸುಮ್ಮನಿದ್ದರೆ ಎದುರಿಗೆ ಮುಂಬ್ರಾ ಬಜಾರು, ಮಕ್ಕಳು ಮರಿ. ಹಗ್ಗ ಮತ್ತೆ ತಗ್ಗತೊಡಗಿತು.

"ಸಡಿಲ ಅಪ್ಪ," ಎಂದೆ.

ಅಪ್ಪ ನನ್ನ ಕಡೆ ನೋಡಲಿಲ್ಲ. ಕಾಲು ಮಾತ್ರ ಬ್ರೇಕಿನ ಮೇಲೆ ಹೋಯಿತು. ಹಗ್ಗ ನೆಟ್ಟಗಾಯಿತು.

"ಬಿಗಿ."

ಕಾಲು ಎತ್ತಿದರು.

ಹಾಗೆಯೇ ಬಜಾರು ದಾಟಿದೆವು. ಸಡಿಲ, ಬಿಗಿ. ಮಾಮನ ಕೈ. ಎಡಕ್ಕೆ ಸೈಕಲ್. ಸಡಿಲ. ಬಲಗಡೆ ಖಾಡಿಯ ಬೂದು ಹಿನ್ನೀರು ನಮ್ಮ ಜೊತೆಗೇ ಬರುತ್ತಿತ್ತು. ಅಪ್ಪ ಈಗ ಬಾಗುವುದನ್ನು ಬಿಟ್ಟು ನೆಟ್ಟಗೆ ಕೂತಿದ್ದರು, ಮೊದಲಿನ ಡ್ರೈವರ್ ಕೂರುತ್ತಿದ್ದ ಹಾಗೆ. ಕೈ ಎಷ್ಟು ಹಗುರ, ಕಾಲು ಎಷ್ಟು ಹದ! ಕಣ್ಣು ಬಿಟ್ಟು ಉಳಿದದ್ದೆಲ್ಲ ಇನ್ನೂ ಇತ್ತು. ಅದನ್ನು ನೋಡುವುದೇ ಸಂಕಟವಾಗುತ್ತಿತ್ತು. ಕಲ್ವಾ ಸೇತುವೆ ಇಳಿಯುವಾಗ ಅವರ ಕೈಯನ್ನೇ ನೋಡುತ್ತಿದ್ದು, ಕಣ ನೆಲಕ್ಕೆ ತಾಗಿದ ಮೇಲೆ ಸಡಿಲ ಎಂದೆ.

ಗ್ಯಾರೇಜಿನಲ್ಲಿ ಮಿಸ್ತ್ರಿ ಗಂಟು ಬಿಚ್ಚುತ್ತಾ, ಗಾಡಿ ಒಯ್ಯಲು ಯಾವಾಗ ಬರುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಅಪ್ಪ ಕೀಲಿಯನ್ನು ಮಾಮನ ಕೈಯಲ್ಲಿಟ್ಟರು. "ಇವರು ಬರ್ತಾರೆ," ಎಂದರು. ಮಾಮ, "ನಾನ್ಯಾಕೆ ಭಾವ, ನೀವೇ..." ಎನ್ನಹೊರಟು ನಿಲ್ಲಿಸಿದರು. ನಮ್ಮನ್ನು ಮನೆಗೆ ಬಿಡುತ್ತೇನೆಂದರು. ಅಪ್ಪ ಒಪ್ಪಲಿಲ್ಲ. ಬೇರೆಯವರು ಬಿಡುವ ಗಾಡಿಯಲ್ಲಿ ಪಕ್ಕಕ್ಕೆ ಕೂರುವುದು ಆ ದಿನ ಅವರಿಂದ ಆಗುವಂತಿರಲಿಲ್ಲ.

ಆಮೇಲೆ ಅಪ್ಪ ಸ್ಟೇರಿಂಗ್ ಮುಟ್ಟಲಿಲ್ಲ. ಕಣ್ಣಿನ ವೈದ್ಯರಲ್ಲಿಗೂ ಹೋದೆವು, ತಡವಾಗಿದೆ ಎಂದರು.

ಗಾಡಿ ಬಿಟ್ಟು ಬಂದ ಆ ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲುಗಳ ಫಲಕದ ಕಡೆ ಮುಖ ಮಾಡಿ ತುಂಬ ಹೊತ್ತು ನಿಂತರು. ಆಮೇಲೆ, "ಇದು ಸ್ಲೋ ಗಾಡಿಯಾ, ಫಾಸ್ಟಾ?" ಎಂದು ಕೇಳಿದರು. ಮೊದಲ ಸಲ ಕೇಳಿದ್ದು. ಸ್ಲೋ ಎಂದೆ. ಹತ್ತಿದೆವು. ಜನರ ನೂಕಿನಲ್ಲಿ ನನ್ನ ತೋಳು ಹಿಡಿದರು, ಡೊಂಬಿವಲಿಯವರೆಗೆ ಬಿಡಲಿಲ್ಲ. ದಿವಾ ಸ್ಟೇಷನ್ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು:

"ಹಗ್ಗ ಸರಿ ಹೇಳಿದೆ ನೀನು. ಸೇತುವೆ ಇಳಿಯುವಲ್ಲಿ ಮಾತ್ರ ಸ್ವಲ್ಪ ತಡ ಮಾಡಿದೆ."