ಖಾರದ ಕೈ, ಮಗಳ ಕಾಲು

ನನ್ನ ಮಗಳು ಖೋ ಖೋ ಆಡುವಾಗ ಬಿದ್ದು ಕಾಲು ಉಳುಕಿಸಿಕೊಂಡದ್ದು ಮೆಣಸಿನಕಾಯಿ ಸುಗ್ಗಿಯ ನಡುವೆ. ಬೇರೆ ಯಾವ ತಿಂಗಳಲ್ಲಿ ಬಿದ್ದಿದ್ದರೂ ನಾನು ಇಷ್ಟು ದೊಡ್ಡ ತಪ್ಪು ಮಾಡುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ಅವಳಿಗೆ ಆಗ ಹದಿಮೂರು ವರ್ಷ.

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸುಗ್ಗಿಯ ಮೂರು ತಿಂಗಳು ಓಣಿಯ ಎಂಟು-ಹತ್ತು ಹೆಂಗಸರು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ನಾನು ಮ್ಯಾಟ್ರಿಕ್ ಪಾಸಾದವಳು, ಹಾಗಾಗಿ ತೂಕ ನೋಡುವವಳೂ ನಾನೇ, ಜಗಳ ಬಿಡಿಸುವವಳೂ ನಾನೇ. ಜಗಳ ಹಚ್ಚುವವಳೂ ನಾನೇ ಎಂದು ನಮ್ಮ ಮನೆಯವರು ಹೇಳುತ್ತಿದ್ದರು, ಅದು ಬೇರೆ ಮಾತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಹೇಳುವವರು ನಮ್ಮ ಜತೆ ಕೂತು ಒಂದು ಚೀಲ ಬಿಡಿಸಿ, ಆಮೇಲೆ ಕಣ್ಣುಜ್ಜಿಕೊಂಡು ನೋಡಲಿ. ಸಂಜೆಯ ಹೊತ್ತಿಗೆ ಬೆರಳ ಸಂದಿಯೆಲ್ಲ ಭಗಭಗ ಉರಿಯುತ್ತಿತ್ತು. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ: ಸುಗ್ಗಿಯಲ್ಲಿ ತಾಯಂದಿರು ಹಗಲು ಹೊತ್ತು ಮಕ್ಕಳನ್ನು ಮುಟ್ಟುವುದಿಲ್ಲ. ಉಣಿಸುವುದು, ತಲೆ ಬಾಚುವುದು ಎಲ್ಲ ಅತ್ತೆಯಂದಿರ ಪಾಲು. ಕೆಲಸ ಮುಗಿದ ಮೇಲೆ ಹುಳಿ ಮಜ್ಜಿಗೆಯಲ್ಲಿ ಕೈ ತೊಳೆದು, ಎಣ್ಣೆ ಹಚ್ಚಿ ಒರೆಸಿ, ಮತ್ತೆ ಸಾಬೂನು ಹಾಕಿ ತೊಳೆದ ಮೇಲೆಯೇ ಕೂಸನ್ನು ಎತ್ತಿಕೊಳ್ಳುವುದು.

ಅಂದು ಸಂಜೆ ಅವಳ ಶಾಲೆಯ ಆಟದ ಮಾಸ್ತರರು ಅವಳನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಬಂದರು. "ಗಾಬರಿ ಆಗಬ್ಯಾಡ್ರಿ ಅಕ್ಕಾರ, ಕಂಬ ಹಿಡಿದು ಹಾರುವಾಗ ಕಾಲು ಹೊಳ್ಳೇತಿ" ಎಂದರು. ಕೆಂಪು ಕೈಗಳನ್ನು ಎದೆಯ ಮುಂದೆ ಹಿಡಿದುಕೊಂಡು ನಾನು ನಿಂತೇ ಇದ್ದೆ. ಮಗಳನ್ನು ಇಳಿಸಿಕೊಳ್ಳಲು ನನ್ನ ಅತ್ತೆ ಓಡಿಬಂದರು.

ಖೋ ಖೋದಲ್ಲಿ ಓಡುವವಳು ಕಂಬ ದಾಟಿ ಪಾರಾಗುವ ಹೊತ್ತಿಗೆ, ಬೆನ್ನಟ್ಟುವವಳು ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನೆಲ್ಲ ಮುಂದಕ್ಕೆ ಚೆಲ್ಲಿ ಅವಳನ್ನು ಮುಟ್ಟಬೇಕು. ಆ ಕೆಲಸದಲ್ಲಿ ನನ್ನ ಮಗಳನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ತಾಯಿಯ ಬಾಯಿಂದ ಬಂದ ಮಾತೆಂದು ಕಡೆಗಣಿಸಬೇಡಿ, ಮಾಸ್ತರರೂ ಹಾಗೇ ಹೇಳುತ್ತಿದ್ದರು. ಇನ್ನು ಐದು ವಾರಕ್ಕೆ ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು.

ಮರುದಿನ ಪ್ಯಾಸೆಂಜರ್ ಗಾಡಿ ಹಿಡಿದು ರಾಣೆಬೆನ್ನೂರಿಗೆ ಹೋದೆವು. ಅಲ್ಲಿನ ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. "ಎಲುಬು ಮುರಿದಿಲ್ಲ, ಕೀಲಿನ ನಾರು ಹರದೈತಿ. ಎಲುಬಾದ್ರ ಲಗೂ ಕೂಡತಿತ್ತು, ಇದು ತಡಾ. ಎರಡು ತಿಂಗಳು ಓಡಂಗಿಲ್ಲ. ನಡಿಯಾಕ ಬಂತಂದ್ರ ಆರಾಮಾತು ಅಂತ ತಿಳ್ಕೋಬ್ಯಾಡ್ರಿ. ಹದಿನೈದು ದಿನಕ್ಕ ಮತ್ತ ಬರ್ರಿ" ಎಂದು ಪಟ್ಟಿ ಸುತ್ತಿ ಕಳಿಸಿದರು.

ನನಗೆ ಯಾರಾದರೂ 'ಆಗುವುದಿಲ್ಲ' ಎಂದರೆ ಸಾಕು, ಮೈಯಲ್ಲಿ ಇಲ್ಲದ ಹುರುಪು ಬರುತ್ತದೆ. ಈಗಲೂ ಹಾಗೆಯೇ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವಳು ಸದ್ದಿಲ್ಲದೆ ಅಳುತ್ತಿದ್ದುದನ್ನು ನೋಡಿದೆ. ಅಂಥದ್ದು ಕಂಡಾಗ ನಾನು ಸುಮ್ಮನಿರುವವಳಲ್ಲ, ಮಾತಾಡುವವಳು. ಮನೆಗೆ ಬಂದವಳೇ ಪಡಸಾಲೆಯ ಹೆಂಗಸರ ಮುಂದೆ, ಕಾಲು ಹೇಗಿದೆ ಎಂದು ಕೇಳಲು ಬಂದಿದ್ದ ಮಾಸ್ತರರಿಗೆ ಹೇಳಿಬಿಟ್ಟೆ, "ಆಯ್ಕೆ ದಿನಾ ನನ್ನ ಮಗಳು ಹಾವೇರಿ ಮೈದಾನದಾಗ ಇರ್ತಾಳ್ರಿ. ಹೆಸರು ಬರ್ಕೊಳ್ರಿ."

ದಿನವೂ ಸಂಜೆ ಕೈ ತೊಳೆದು ಅವಳ ಕಾಲಿಗೆ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುತ್ತಿದ್ದೆ. ಹತ್ತು ದಿನವಾದರೂ ಬಾವು ಅಷ್ಟೇ, ನೋವೂ ಅಷ್ಟೇ. ಹನ್ನೊಂದನೆಯ ದಿನ ಚೀಲ ಒಯ್ಯಲು ಬಂದ ಲಾರಿಯವನ ಜತೆ ವಾದ ಮಾಡಿ, ಆ ಸಿಟ್ಟಿನಲ್ಲಿ ಮಜ್ಜಿಗೆ ಮರೆತು, ಬರೀ ನೀರಲ್ಲಿ ಕೈ ಅದ್ದಿ ತಿಕ್ಕಲು ಕೂತೆ. ಅವಳು ಕಾಲನ್ನು ಸರಕ್ಕನೆ ಎಳೆದುಕೊಂಡಳು. "ಉರಿಯಾಕತ್ತೈತಿ ಬೇ."

ನಾನು ಮಜ್ಜಿಗೆ ತರಲು ಎದ್ದೆ. ಅವಳು ಸ್ವಲ್ಪ ಹೊತ್ತು ಹಲ್ಲು ಕಚ್ಚಿ ಕೂತಿದ್ದು, "ತಡಿ ಬೇ. ಬ್ಯಾಡ. ಈಗ ನೋವು ಗೊತ್ತಾಗವಲ್ದು" ಎಂದಳು.

ಕಾಲು ಕೆಂಪಗಾಗಿತ್ತು. ನನಗೆ ಅದು ಶಾಖ ಕೊಟ್ಟಂತೆ ಕಂಡಿತು. ಉಪ್ಪಿನ ಗಂಟು ಕಾಯಿಸಿ ಒತ್ತುವುದಿಲ್ಲವೇ, ಹಾಗೆ. ಮರುದಿನ ಅವಳೇ ಕರೆದಳು, "ಮೊದಲ ನನ್ನ ಕಾಲು ತಿಕ್ಕು, ಮಜ್ಜಿಗಿ ಆಮ್ಯಾಲ." ನಾನು ತಿಕ್ಕಿದೆ. ಅದರ ಮರುದಿನವೂ ತಿಕ್ಕಿದೆ. ವಾರದಲ್ಲಿ ಅವಳು ಗೋಡೆ ಹಿಡಿಯದೆ ನಡೆದಳು. "ಕೆಂಪಾಗೈತಿ ಅಂದ್ರ ರಕ್ತ ಓಡ್ಯಾಡಾಕತ್ತೈತಿ" ಎಂದು ಪಡಸಾಲೆಯವರು ತೀರ್ಪು ಕೊಟ್ಟರು. ನಿನ್ನ ಕೈಗುಣ ದೊಡ್ಡದು ಎಂದರು. ಬೆನ್ನುನೋವಿನ ಮುದುಕಿಯೊಬ್ಬಳು ನನ್ನಿಂದ ತಿಕ್ಕಿಸಿಕೊಂಡು ಹೋದಳು. ನಮ್ಮ ಮನೆಯವರು ಮಾತ್ರ, "ಇಕಿಗೆ ಕೈಗುಣ ಐತಿ ಅಂದ್ರ ಇಷ್ಟು ವರ್ಷ ಎಲ್ಲಿ ಇಟ್ಟಿದ್ದಳು?" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನೈದು ದಿನಕ್ಕೆ ಬನ್ನಿ ಎಂದಿದ್ದ ಡಾಕ್ಟರ ಹತ್ತಿರವೂ ಹೋಗಲಿಲ್ಲ. ನಡೆಯುವ ಹುಡುಗಿಯನ್ನು ಅವರಿಗೆ ತೋರಿಸುವುದೇನು? ನಾಲ್ಕನೆಯ ವಾರ ಅವಳು ಓಡಿದಳು. ನಾನು ಮೈದಾನದ ಅಂಚಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ನೋಡಿದೆ. ಅಂದಿನ ನನ್ನ ನಿಲುವು ನೆನೆಸಿಕೊಂಡರೆ ಈಗ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಆಯ್ಕೆಯ ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ಪೇಟೆ ಬಂದ್, ತೊಟ್ಟಿನ ಕೆಲಸವೂ ಇಲ್ಲ. ನಾನು ತಲೆಗೆ ಎರೆದುಕೊಂಡು, ಹೋಳಿಗೆ ಮಾಡಿ, ಸಂಜೆ ಸ್ವಚ್ಛ ಕೈಯಿಂದ ಅವಳ ಕಾಲು ತಿಕ್ಕಿದೆ.

ಬೆಳಿಗ್ಗೆ ನಾನು ನೀರು ತುಂಬಿಕೊಂಡು ಬಂದಾಗ ಅವಳು ಅಡುಗೆಮನೆಯ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಖಾರದಪುಡಿಯ ಡಬ್ಬಿ, ಎಣ್ಣೆಯ ಬಟ್ಟಲು. ಬಾಯಲ್ಲಿ ಟವೆಲ್ಲಿನ ತುದಿ ಕಚ್ಚಿಕೊಂಡು ಕೆಂಪು ಎಣ್ಣೆಯನ್ನು ಪಾದದ ಕೀಲಿನ, ಹರಡಿನ ಸುತ್ತ ಬಳಿಯುತ್ತಿದ್ದಳು. ಹರಡಿನ ಮೇಲೆ ಆಗಲೇ ಎರಡು ಗುಳ್ಳೆ ಎದ್ದಿದ್ದವು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಏನ್ ಮಾಡಾಕತ್ತೀ?" ಎಂದೆ.

"ನಿನ್ನೆ ನಿನ್ನ ಕೈಯಾಗ ಖಾರ ಇದ್ದಿದ್ದಿಲ್ಲ."

ಆಗ ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ಕೊಡ ಇಳಿಸಿ, ಅವಳ ಕಾಲನ್ನು ಎಣ್ಣೆಯಿಂದ ಒರೆಸಿ, ಮಜ್ಜಿಗೆ ಸುರಿದು ತೊಳೆದೆ. ಉರಿ ತಗ್ಗುವವರೆಗೆ ಪಕ್ಕದಲ್ಲೇ ಕೂತೆ. ಆಮೇಲೆ ನಡಿ ನೋಡೋಣ ಎಂದೆ. ಎರಡು ಹೆಜ್ಜೆಗೆ ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನೋವು ಒಂದು ದಿನವೂ ಹೋಗಿರಲಿಲ್ಲ. ಉರಿಯ ಕೆಳಗೆ ಅದು ಅಡಗಿ ಕೂತಿತ್ತು, ಆ ಹರಿದ ನಾರಿನ ಮೇಲೆ ನನ್ನ ಮಗಳು ಒಂದು ವಾರ ಓಡಿದ್ದಳು. ನಾನು ನಿಂತು ನೋಡಿದ್ದೆ.

ಮಾಸ್ತರರು ಬಸ್ಸಿಗೆ ಹೊತ್ತಾಯಿತೆಂದು ಬಂದರು. ಪಡಸಾಲೆಯವರೂ ಒಬ್ಬೊಬ್ಬರಾಗಿ ಬರತೊಡಗಿದ್ದರು. ಅವರೆಲ್ಲರ ಮುಂದೆಯೇ ಹೇಳಿದೆ, "ಅಕಿ ಬರಂಗಿಲ್ರಿ. ಕಾಲು ಆರಾಮಾಗಿಲ್ಲ. ನಾನ ಖಾರ ತಿಕ್ಕಿ ಕೆಡಿಸೀನಿ." ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡದ್ದು ಅದೇ ಮೊದಲು. ನಾಲಿಗೆ ತಡವರಿಸಲಿಲ್ಲ. ತಪ್ಪನ್ನೂ ನಾನು ಗಟ್ಟಿ ದನಿಯಲ್ಲೇ ಹೇಳುವವಳು. ಮಗಳು ಮಾತ್ರ ಒಳಗಿನಿಂದ, "ನಾ ಹೋಗಾಕೀನ" ಎಂದು ಅತ್ತಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಮಾಸ್ತರರು ಉಳಿದ ಹುಡುಗಿಯರನ್ನು ಕರೆದುಕೊಂಡು ಹಾವೇರಿಗೆ ಹೋದರು, ನಾವು ಎದುರು ದಿಕ್ಕಿನ ಗಾಡಿ ಹತ್ತಿದೆವು.

ರಾಣೆಬೆನ್ನೂರಿನ ಡಾಕ್ಟರು ಗುಳ್ಳೆಗಳನ್ನು ನೋಡಿ ಏನೆಂದು ಕೇಳಿದರು. ನಾನು ಮುಚ್ಚಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋವು ಅನ್ನೋದು ಮನಿ ಕಾಯೋ ನಾಯಿ ಇದ್ದಂಗ್ರಿ. ನೀವು ಅದರ ಬಾಯಿ ಕಟ್ಟಿಬಿಟ್ರಿ" ಎಂದರು. ಮತ್ತೆ ಓಡುತ್ತಾಳೆಯೇ ಎಂದು ಕೇಳಿದೆ. "ಈಗ ಹೇಳಾಕ ಬರಂಗಿಲ್ಲ. ಗುಳ್ಳಿ ಮಾಯಲಿ, ಆಮ್ಯಾಲ ಒಂದು ತಿಂಗಳು ಪ್ಲಾಸ್ಟರ್. ಆಮ್ಯಾಲ ನೋಡೂಣು."

ವಾಪಸು ಬರುವ ಗಾಡಿಯಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ದೇವರಗುಡ್ಡ ಸ್ಟೇಷನ್ ದಾಟಿದ ಮೇಲೆ ಕೇಳಿದೆ, "ಅಷ್ಟು ನೋಯ್ತಿತ್ತು, ನನಗ ಯಾಕ ಹೇಳಲಿಲ್ಲ? ಆಟದ ಹುಚ್ಚೇನು?"

"ಆಟಕ್ಕಲ್ಲ ಬೇ" ಎಂದಳು. "ನೀ ಎಲ್ಲಾರ ಮುಂದ ಹೇಳಿಬಿಟ್ಟಿದ್ದಿ. ನಿನ್ನ ಮಾತು ಸುಳ್ಳಾಗಬಾರ್ದು ಅಂತ."

ಡಾಕ್ಟರ ಬೈಗುಳ ನನಗೆ ತಟ್ಟಿರಲಿಲ್ಲ, ಇದು ತಟ್ಟಿತು. ಸುಗ್ಗಿ ಬಂದಾಗಿನಿಂದ ಹಗಲಿನಲ್ಲಿ ಅವಳನ್ನು ಮುದ್ದಿಗೆಂದು ಮುಟ್ಟದಿದ್ದವಳು, ಅಷ್ಟು ಜನ ಇರುವ ಡಬ್ಬಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬ್ಯಾಡಗಿಯವರೆಗೂ ಸವರುತ್ತ ಬಂದೆ. ಅತ್ತೆನೆಂದು ಹೇಳಲು ನನಗೆ ಸಂಕೋಚವಿಲ್ಲ.

ಮುಂದಿನ ತಿಂಗಳುಗಳನ್ನು ಲಂಬಿಸುವುದಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಕಾಲು ಬಡಕಲಾಗಿತ್ತು. ಡಾಕ್ಟರು ಹೇಳಿಕೊಟ್ಟಂತೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಷ್ಟು ಹೊತ್ತು ಒಂಟಿಕಾಲಲ್ಲಿ ನಿಲ್ಲುವುದು. ಅವಳ ಜತೆ ನಾನೂ ನಿಂತೆ, ನನ್ನನ್ನು ನೋಡಿ ಅತ್ತೆಯೂ ಒಂದು ದಿನ ನಿಂತು ನೋಡಿದರು. ಕಾಲಿನ ಬಗ್ಗೆ ಊರಿಗೆ ಸುದ್ದಿ ಹೇಳುವುದನ್ನು ಬಿಟ್ಟೆ. ನನ್ನಂಥವಳಿಗೆ ಅದು ಒಂಟಿಕಾಲಲ್ಲಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ. ಡಾಕ್ಟರು ಓಡಬಹುದು ಎಂದದ್ದು ದಸರೆಯ ಹೊತ್ತಿಗೆ. ಮುಂದಿನ ಸುಗ್ಗಿಯಲ್ಲಿ ಪಡಸಾಲೆಯವರು, ಈ ಸಲ ತಂಡದಲ್ಲಿ ಹೆಸರು ಬರುತ್ತದೆಯೇ ಎಂದು ಕೇಳಿದಾಗ, "ಅಕೀನ್ನ ಕೇಳ್ರಿ, ಕಾಲು ಅಕೀದು" ಎಂದೆ.

ಆ ವರ್ಷ ಹಾವೇರಿಗೆ ನಾನೂ ಹೋದೆ. ಮೈದಾನದ ತುಂಬ ಜನ, ಹುಬ್ಬಳ್ಳಿ ಕಡೆಯ ತಂಡಗಳು, ಆಯ್ಕೆಗಾರರು ಮರದ ಮೇಜು ಹಾಕಿಕೊಂಡು ಕೂತಿದ್ದರು. ಮೊದಲ ಸರದಿಯಲ್ಲಿ ಅವಳು ಕಂಬದ ಹತ್ತಿರ ಮೂವರನ್ನು ಮುಟ್ಟಿದಳು. ಆಯ್ಕೆಗಾರರಲ್ಲೊಬ್ಬರು ಪಕ್ಕದವರಿಗೆ ಏನೋ ಹೇಳಿ ಬರೆದುಕೊಂಡದ್ದನ್ನು ನಾನು ಕಂಡೆ. ಕೂಗಬೇಕೆನಿಸಿತು, ಕೂಗಲಿಲ್ಲ. ಎರಡನೆಯ ಸರದಿ ಅರ್ಧವಾಗಿತ್ತು. ಅವಳು ಇನ್ನೊಬ್ಬಳನ್ನು ಬೆನ್ನಟ್ಟಿ ಕಂಬದವರೆಗೆ ಬಂದು, ಹಾರದೆ ನಿಂತಳು. ಮುಂದೆ ಓಡುತ್ತಿದ್ದವಳು ಕೈಗೆ ಸಿಗುವಷ್ಟು ಹತ್ತಿರ ಇದ್ದಳು. ಇವಳು ಕೈ ಎತ್ತಿ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಸರ್, ಕಾಲು ನೋಯಾಕತ್ತೈತ್ರಿ. ನಾ ಹೊರಗ ಕುಂದ್ರತೇನ್ರಿ."

ಅಷ್ಟು ಜನ, ಆ ಮೇಜು, ಆ ಬರೆಯುವ ಪೆನ್ನು ಎಲ್ಲ ಎದುರಿಗಿದ್ದವು. ಹೇಳುವ ಮೊದಲು ಅವಳು ನನ್ನ ಮುಖ ನೋಡಲಿಲ್ಲ.