ಅಂಚಿಲ್ಲದ ಚಾಪೆ

ಗುಡಿಯಜ್ಜಿಯ ಎರಡು ಮೊಣಕಾಲಿನ ಮೇಲೂ ಈಚಲ ಚಾಪೆಯ ಹೆಣಿಗೆ ಅಚ್ಚೊತ್ತಿತ್ತು. ಆಕೆ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಕಾಲುವೆಗೆ ಇಳಿದಾಗ ನಾವು ಹುಡುಗಿಯರು ಕದ್ದು ನೋಡುತ್ತಿದ್ದೆವು. ಅಡ್ಡಗೆರೆ, ಉದ್ದಗೆರೆ, ನಡುವೆ ಸಣ್ಣ ಸಣ್ಣ ಚೌಕ. ಎಷ್ಟು ತಿಕ್ಕಿ ತೊಳೆದರೂ ಹೋಗದ ಗುರುತು. "ನೋವಾಗಂಗಿಲ್ಲೇನ್ ಅಜ್ಜಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ. "ಯಾಕ ನೋವಾದೀತು ಲೇ ಸಣ್ಣಾಕಿ? ಎಮ್ಮಿ ಚರ್ಮ ಆಗೈತಿ ನೋಡಿಲ್ಲಿ" ಎಂದು ಮೊಣಕಾಲನ್ನು ಚಿವುಟಿ ತೋರಿಸಿದಳು.

ನಮ್ಮೂರು, ದೇಶನೂರಿನಿಂದ ಆಚೆ, ಕಾಲುವೆಯ ಏರಿ ಹಿಡಿದು ಹೋದರೆ ಭತ್ತದ ಗದ್ದೆಗಳ ನಡುವೆ ಸಿಗುವ ಸಣ್ಣ ಊರು. ಅಲ್ಲಿನ ಚರ್ಚಿನ ಹಲಗೆಯ ಮೇಲೆ ಪ್ರೆಸ್ಬಿಟೇರಿಯನ್ ಎಂಬ ಉದ್ದನೆಯ ಹೆಸರಿದೆ. ಅದನ್ನು ನೆಟ್ಟಗೆ ಹೇಳಬಲ್ಲವರು ನನ್ನ ಬಾಲ್ಯದಲ್ಲಿ ಊರಲ್ಲಿ ಒಬ್ಬರೂ ಇರಲಿಲ್ಲ. ಪಾದ್ರಿಗಳು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ; ಸಭೆಯನ್ನು ನಡೆಸುವವರು ಊರಿನ ಹಿರಿಯರು. ಹಾಗಾಗಿ ಎಲ್ಲರ ಬಾಯಲ್ಲೂ ಅದು ಹಿರೇರ ಗುಡಿ. ನಮ್ಮ ಕಡೆ ಚರ್ಚಿಗೂ ಗುಡಿ ಎಂದೇ ಅನ್ನುವುದು. ಆ ಗುಡಿಯ ಕಸ ಹೊಡೆದು, ಗಂಟೆ ಬಾರಿಸಿ, ಚಾಪೆ ಹಾಸುತ್ತಿದ್ದವಳು ಈ ಅಜ್ಜಿ. ಹಿರಿಯರ ಪಟ್ಟಿಯಲ್ಲಿ ಆಕೆಯ ಹೆಸರು ಎಂದೂ ಇರಲಿಲ್ಲ. ಅದು ಗಂಡಸರ ಪಟ್ಟಿ. ಆದರೆ ಆ ಹಿರಿಯರೂ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಮ್ಮೆ ಆಕೆಯ ಮುಖ ನೋಡಿಯೇ ಒಳಗೆ ಕಾಲಿಡುತ್ತಿದ್ದರು.

ನಮ್ಮ ಗುಡಿಯಲ್ಲಿ ಬೆಂಚುಗಳಿಲ್ಲ. ಒಂದೊಂದು ಮನೆಗೆ ಒಂದೊಂದು ಚಾಪೆ. ಆ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು ಅಂದು ಉಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಚಾಪೆಗೆ ಅಂಚಾಗಿ ಹೊಲಿಯುವುದು ಪದ್ಧತಿ. ಚಾಪೆ ಸವೆದರೆ ಹೊಸ ಚಾಪೆಗೆ ಅದೇ ಅಂಚು; ಅಂಚು ಸವೆದರೆ ಅದರ ಮೇಲೇ ಇನ್ನೊಂದು. ಮನೆಗಳು ಸಭೆಗೆ ಬಂದ ಸಾಲಿನಲ್ಲೇ ಚಾಪೆ ಹಾಸಬೇಕು, ಆರಾಧನೆ ಮುಗಿದ ಮೇಲೆ ಅದೇ ಸಾಲಿನಲ್ಲಿ ಸುತ್ತಿ ಪೇರಿಸಬೇಕು. ಒಂದು ಮನೆಯ ಚಾಪೆಯನ್ನು ಇನ್ನೊಂದು ಮನೆಯವರು ತುಳಿಯುವಂತಿಲ್ಲ, ಸುತ್ತಿ ಬಳಸಿ ಹೋಗಬೇಕು. ಒಟ್ಟು ಮೂವತ್ತೆಂಟು. ಕೊನೆಯಲ್ಲಿ, ಬಾಗಿಲ ಹತ್ತಿರ, ಅಂಚೇ ಇಲ್ಲದ ಬೋಳು ಚಾಪೆ ಮತ್ತೊಂದು. ಅದರ ಮೇಲೆ ಯಾರೂ ಕೂತದ್ದನ್ನು ನಾನು ಕಂಡಿರಲಿಲ್ಲ.

ಊರು ಬಿಟ್ಟವರ ಚಾಪೆಯನ್ನೂ ಅಜ್ಜಿ ಹಾಸುತ್ತಿದ್ದಳು. ಅಪ್ಪ ಮೇಷ್ಟರಾಗಿದ್ದರು, ಬಳ್ಳಾರಿಗೆ ವರ್ಗವಾದಾಗ ನಾನು ಐದನೇ ಇಯತ್ತೆ. ಮುಂದೆ ನಾನೂ ಅಲ್ಲೇ ಕನ್ನಡ ಟೀಚರಾದೆ. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಹೋದರೆ ನಮ್ಮ ಚಾಪೆ, ನೀಲಿ ಅಂಚಿನದು, ಎರಡನೇ ಸಾಲಿನಲ್ಲಿ ತನ್ನ ಜಾಗದಲ್ಲಿರುತ್ತಿತ್ತು. ಅದನ್ನು ನಾನು ಗಾಳಿ ಬೆಳಕಿನ ಹಾಗೆ ತಿಳಿದಿದ್ದೆ. ಪ್ರತಿ ಭಾನುವಾರ ಯಾರೋ ಮೊಣಕಾಲೂರಿ ಅದನ್ನು ಹಾಸುತ್ತಿದ್ದಾರೆ ಎಂದು ಹೊಳೆದಿರಲೇ ಇಲ್ಲ, ಅಷ್ಟು ಮಂಕು.

ಕೆಲವು ವರ್ಷಗಳ ಹಿಂದೆ ಬಳ್ಳಾರಿಯಿಂದ, ಸುತ್ತಲಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ಸಮಿತಿಯ ಪಾದ್ರಿ ಅಯ್ಯನವರು ಬಂದು ನೋಡಿಹೋದರು. ಅಂದು ಆರಾಧನೆಗೆ ಬಂದಿದ್ದವರು ಒಂಬತ್ತೇ ಮನೆಯವರು. ಸಣ್ಣ ಸಭೆಗಳನ್ನೆಲ್ಲ ಸಿರುಗುಪ್ಪದ ಸಭೆಗೆ ಸೇರಿಸಿ ಹಳ್ಳಿಯ ಗುಡಿಗಳಿಗೆ ಬೀಗ ಹಾಕುವ ಯೋಚನೆ ಅವರದು. ಅಜ್ಜಿ ಸಾಲು ಸಾಲು ಚಾಪೆ ತೋರಿಸಿದಳು. "ಖಾಲಿ ಚಾಪಿ ಲೆಕ್ಕಕ್ಕ ಬರಂಗಿಲ್ಲಮ್ಮ" ಎಂದರು ಅವರು, ಮೆತ್ತಗೇ. "ಲೆಕ್ಕ ನಿಮ್ಮದು ಅಯ್ಯಾರ, ಹಾಸೂದು ನಂದು" ಎಂದಳಂತೆ ಅಜ್ಜಿ.

ಆಮೇಲೆ ಪತ್ರ ಬಂತು: ತಿಂಗಳೊಪ್ಪತ್ತಿನಲ್ಲಿ ಸಮಿತಿ ಮತ್ತೆ ಬರುತ್ತದೆ, ಸಭೆಯ ಚರಿತ್ರೆಯನ್ನೂ ಈಗಿರುವ ಮನೆಗಳನ್ನೂ ಬರೆದು ಒಪ್ಪಿಸಬೇಕು, ಅದರ ಮೇಲೆ ತೀರ್ಮಾನ. ನಮ್ಮ ಸಭೆಯ ಹಳೆಯ ದಾಖಲೆ ಪುಸ್ತಕವನ್ನು ಗೆದ್ದಲು ಯಾವತ್ತೋ ತಿಂದು ಮುಗಿಸಿತ್ತು. ಅಜ್ಜಿ ಯಾರದೋ ಫೋನಿನಿಂದ ನನಗೆ ಮಾತಾಡಿದಳು. "ಲೇ ಸಣ್ಣಾಕಿ, ಸಾಲಿ ಮಕ್ಕಳಿಗೆ ಪ್ರಬಂಧ ಬರಸ್ತೀಯಂತಲ್ಲ. ನಮ್ಮ ಗುಡೀದೊಂದು ಬರಿಯಾಕ ಬಾ."

ಒಂದು ಶನಿವಾರ ಹೋದೆ. ಅಜ್ಜಿ ಅಂದು ಕಣ್ಣು ತೋರಿಸಲು ಸಿರುಗುಪ್ಪದ ಆಸ್ಪತ್ರೆಗೆ ಹೋಗಿದ್ದಳು. ಪೊರೆ ಬಂದು ಎದುರಿಗಿದ್ದವರ ಮುಖವೂ ಮಸುಕಾಗಿತ್ತು. ನನಗೋ, ಎಲ್ಲಿ ಹೋದರೂ ಒಪ್ಪ ಮಾಡುವ ಚಟ. ಸಮಿತಿ ಬರುವಷ್ಟರಲ್ಲಿ ಗುಡಿ ಚೊಕ್ಕಟವಾಗಿರಲಿ ಎಂದು ಚಾಪೆಗಳನ್ನೆಲ್ಲ ಅಂಗಳಕ್ಕೆಳೆದು, ಬೇವಿನ ಕಟ್ಟೆಗೆ ಬಡಿದು ದೂಳು ಹಾರಿಸಿ, ದೊಡ್ಡವು ಕೆಳಗೆ, ಸಣ್ಣವು ಮೇಲೆ, ಅಂಗಡಿಯಲ್ಲಿಟ್ಟ ಹಾಗೆ ಪೇರಿಸಿದೆ. ಸಾಲಿನ ಪದ್ಧತಿ ನೆನಪಿಗೇ ಬರಲಿಲ್ಲ; ದೂರ ನಿಂತು ನೋಡಿ ಬಲು ಸಂತೋಷಪಟ್ಟೆ.

ಅಜ್ಜಿ ಬಂದಳು. ರಾಶಿಯ ಮೇಲೆ ಕೈಯಾಡಿಸಿದಳು. ಮೇಲಿನದನ್ನು ಮುಟ್ಟಿದಳು, ಅದರ ಕೆಳಗಿನದನ್ನು ಮುಟ್ಟಿದಳು, ನೆಲದ ಮೇಲೆ ಕುಳಿತುಬಿಟ್ಟಳು. "ಏನ್ ಮಾಡಿದ್ಯವ್ವಾ" ಎಂದಳು, ಅಷ್ಟೇ. ಬೈದಿದ್ದರೆ ಬೇಕಿತ್ತು. ಚಾಪೆಗಳ ಆ ಸಾಲೇ ನಮ್ಮ ಸಭೆಗೆ ಇದ್ದ ಒಂದೇ ಚರಿತ್ರೆ; ಅದನ್ನು ಬರೆಯಲು ಬಂದವಳೇ ಕಲಸಿಹಾಕಿದ್ದೆ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮೊಣಕಾಲೂರಿದಳು. "ಒಂದೊಂದಾ ಕೈಗೆ ಕೊಡು. ನೀ ಬರಕೋ."

ಬೆರಳಿನಿಂದ ಅಂಚು ಸವರಿ, ಹೊಲಿಗೆ ಎಣಿಸಿ, ದಪ್ಪ ನೋಡಿ ಇದು ಯಾರ ಮನೆಯದೆಂದು ಹೇಳತೊಡಗಿದಳು. ಹತ್ತನೆಯದೋ ಹನ್ನೊಂದನೆಯದೋ ಕೈಗೆ ಬಂದಾಗ ಮುಖ ಅರಳಿತು. "ಇದು ಮೊದಲನೇದು, ಹಾಸು ಮುಂದ." ನಾನು ಬಳ್ಳಾರಿಯಿಂದ ಬರುವಾಗಲೇ ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ, ಮಿಷನ್ ದೊರೆಯೊಬ್ಬ ಕುದುರೆಯೇರಿ ಬಂದಲ್ಲಿಂದ ಅದು ಶುರು. ಜಂಬದಿಂದ ಓದಿದೆ. ಅಜ್ಜಿ ಪೂರ್ತಿ ಕೇಳಿದಳು.

"ದೊರಿ ಕುದುರಿ ಮ್ಯಾಲೆ ಬಂದ, ಖರೆ. ಬ್ಯಾಸಗಿ. ಊರಾಗ ಒಬ್ರೂ ಹತ್ರ ಹೋಗಲಿಲ್ಲ. ಆ ಕುದುರಿಗೆ ಒಂದು ಕೊಡ ನೀರು ಕೊಟ್ಟಾಕಿ ಯಾರು? ಈ ಚಾಪಿ ಮನ್ಯಾಕಿ, ಗಂಡ ಸತ್ತಾಕಿ, ಮೂರು ಮಕ್ಕಳ ತಾಯಿ. ದೊರಿ ಮಾತಾಡಿದ್ದು ಆಮ್ಯಾಲೆ. ಮೊದಲು ನೀರು ಬರಿ, ಆಮ್ಯಾಲೆ ದೊರಿನ್ನ ಬರಿ."

ನಾಲ್ಕು ಹಾಳೆಗೂ ಅಡ್ಡಗೆರೆ ಹೊಡೆದೆ. ಇಷ್ಟು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳಿಗೆ ಅಂದು ಅಜ್ಜಿಯ ಮುಂದೆ ಮಣೆ ಹಾಕಿಕೊಂಡು ಕೂರುವ ಪಾಳಿ.

ಸಂಜೆಯವರೆಗೆ ಅದೇ ಕೆಲಸ. ಎರಡು ಚಾಪೆ ಕಾಲುವೆ ತೋಡಲು ತೆಲುಗು ಸೀಮೆಯಿಂದ ಬಂದ ಮನೆಯವರವು. ಮೊದಲ ಭಾನುವಾರ ನಮ್ಮ ಹಾಡು ಬಾರದೆ ಅವರು ಬಾಯಿ ಮುಚ್ಚಿ ಕೂತಿದ್ದರಂತೆ. ಹಿರಿಯರೊಬ್ಬರು "ನಿಮ್ಮದೊಂದು ಹೇಳ್ರಿ" ಎಂದರಂತೆ. ನಮ್ಮಲ್ಲಿ ಮೂರನೆಯ ಹಾಡು ಯಾವಾಗಲೂ ತೆಲುಗಿನದೇ ಯಾಕೆಂದು ನನಗೆ ತಿಳಿದದ್ದು ಆಗ. ಬಿಳಿ ಅಂಚಿನ ಇನ್ನೊಂದು, ಬಡಿಗೇರ ಮನೆಯದು. ಅವರು ಇವತ್ತಿಗೂ ಶಿವಭಕ್ತರು, ಸಭೆಗೆ ಸೇರಿದವರಲ್ಲ. ಹಾಗಾದರೆ ಚಾಪೆ ಯಾಕೆ ಎಂದು ಕೇಳಿದೆ.

"ಗುಡಿ ಬಾಗಲಾ ಮಾಡಿದವರು ಅವರು. ಬಾಗಲಾ ಕೂಡಿಸಿದ ದಿನ ಅವರು ಉಟ್ಟ ಧೋತರದ ಅಂಚದು. ಬಾಗಲಾ ಮಾಡಿದವರಿಗೆ ಒಳಗ ಜಾಗ ಇಲ್ಲಂದ್ರ ಹೆಂಗ?" ಎಂದಳು. ಕ್ರಿಸ್ಮಸ್ಸಿನ ದಿನ ಆ ಮನೆಯವರೊಬ್ಬರು ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದು, ಅರ್ಧ ಗಳಿಗೆ ಕೂತು, ಕರ್ಜಿಕಾಯಿ ತಿಂದು ಹೋಗುವುದನ್ನು ನಾನೂ ಕಂಡಿದ್ದೆ.

ಮೂರು ಚಾಪೆ ಉಳಿದವು. ಅವುಗಳ ಅಂಚು ಪೂರಾ ಸವೆದುಹೋಗಿತ್ತು, ಹೊಸದು ಹೊಲಿಯಲು ಆ ಮನೆಯವರು ಯಾರೂ ಊರಲ್ಲಿ ಉಳಿದಿರಲಿಲ್ಲ. ಅಜ್ಜಿ ಮತ್ತೆ ಮತ್ತೆ ಸವರಿದಳು, ಮೂಗಿಗೆ ಹಿಡಿದಳು. "ಇವನ್ನ ನಾ ಜಾಗದ ಮ್ಯಾಲೆ ಗುರುತು ಹಿಡೀತಿದ್ದೆ. ಈಗ ತಿಳೀವಲ್ದು." ನನಗೆ ಅಳು ತಡೆಯಲಿಲ್ಲ. ಅಜ್ಜಿ ಆ ಮೂರನ್ನೂ ನನ್ನ ಕಡೆ ತಳ್ಳಿದಳು. "ಅತ್ರ ಜಾಗ ಸಿಗತೈತೇನು? ಕಡೀ ಸಾಲಿನ್ಯಾಗ ಹಾಸು. ಕೇಳಿಕೊಂಡು ಯಾರರ ಬಂದಾರು."

ಬಾಗಿಲ ಬಳಿಯ ಬೋಳು ಚಾಪೆ ಯಾರದೆಂದು ಕೇಳಿದೆ. "ಬರೋರದು" ಎಂದಳು. ಇನ್ನೂ ಬಾರದವರಿಗೆ ಒಂದು ಜಾಗ ಯಾವಾಗಲೂ ಹಾಸಿರಬೇಕು. ಯಾರಾದರೂ ಬಂದು ನೆಲೆಯಾದರೆ ಅದಕ್ಕೆ ಅಂಚು ಹೊಲಿದು ಕೊನೆಗೆ ಇನ್ನೊಂದು ಬೋಳು ಚಾಪೆ ಇಡಬೇಕು. ಪುಸ್ತಕ ಮುಚ್ಚುವಾಗ ತಟ್ಟನೆ ನೆನಪಾಯಿತು. "ನಿಮ್ಮ ಚಾಪಿ ಯಾವುದಜ್ಜಿ?"

ಅಜ್ಜಿ ನಕ್ಕಳು. ಹೊಳೆ ಉಕ್ಕಿದ ಒಂದು ವರ್ಷ ಕೆಂಚನಗುಡ್ಡದ ಕಡೆಯಿಂದ ಯಾರೋ ಎತ್ತಿಕೊಂಡು ಬಂದು ಗುಡಿಯ ಹೊಸ್ತಿಲಲ್ಲಿ ಬಿಟ್ಟ ಕೂಸು ಆಕೆ. ಆಗ ಗುಡಿಯಲ್ಲಿ ಬೋಧನೆ ಮಾಡುತ್ತಿದ್ದ ಉಪದೇಶಿಯ ಹೆಂಡತಿ ಸಾಕಿದರು. ಮನೆತನವಿಲ್ಲ, ಹಾಗಾಗಿ ಚಾಪೆಯೂ ಇಲ್ಲ. ಜೀವಮಾನವಿಡೀ ಆಕೆ ಕೂತದ್ದು ಆ ಹೊಸ್ತಿಲ ಪಕ್ಕದ ಬರಿ ಕಲ್ಲಿನ ಮೇಲೆ. "ಹಾಸಾಕಿಗೆ ಯಾತರ ಚಾಪಿ? ನಾ ಎಲ್ಲಾರ ಚಾಪಿ ಮ್ಯಾಲೂ ಮೊಣಕಾಲೂರೀನಲ್ಲ" ಎಂದಳು.

ಬಳ್ಳಾರಿಗೆ ಹಿಂದಿರುಗಿ ಚರಿತ್ರೆಯನ್ನು ಚೆಂದವಾಗಿ ಬರೆದೆ. ಆದರೆ ಬರಿ ಬರವಣಿಗೆಯಿಂದ ಗುಡಿ ಉಳಿಯುತ್ತದೆ ಎಂಬ ನಂಬಿಕೆ ನನಗೆ ಇರಲಿಲ್ಲ. ಒಂದೊಂದು ಚಾಪೆಯ ಫೋಟೊ ತೆಗೆದಿದ್ದೆ. ಯಾವ ಮನೆಯವರು ಎಲ್ಲಿದ್ದಾರೆಂದು ಹುಡುಕಿ, ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಆದೋನಿ, ಸಿಕ್ಕಸಿಕ್ಕವರ ಫೋನಿಗೆ ಕಳಿಸಿದೆ. ಕೆಳಗೆ ಒಂದೇ ಸಾಲು: ಇದು ನಿಮ್ಮ ಮನೆಯ ಚಾಪೆ, ಪ್ರತಿ ಭಾನುವಾರ ಹಾಸಿರುತ್ತದೆ.

ಸಮಿತಿ ಬಂದ ಭಾನುವಾರ ಬೆಳಗ್ಗೆ ಕಾಲುವೆ ಏರಿಯ ಮೇಲೆ ಆಟೊ, ಟಂಟಂ, ಮೋಟರ್ ಸೈಕಲ್ಲುಗಳ ಸಾಲು. ಕುರುಗೋಡಿನಲ್ಲಿ ಅಂಜೂರದ ತೋಟ ಮಾಡಿಕೊಂಡವರು ಒಂದು ಬುಟ್ಟಿ ಹಣ್ಣು ಹೊತ್ತು ತಂದರು. ಫೋನಿನಲ್ಲಿ ಫೋಟೊ ಹಿಡಿದುಕೊಂಡು ತಮ್ಮ ಚಾಪೆ ಹುಡುಕುವವರ ಗದ್ದಲ ನೋಡಬೇಕಿತ್ತು. ಅಜ್ಜಿ ಹೊಸ್ತಿಲಲ್ಲಿ ಕೂತು ದನಿಯಿಂದಲೇ ಗುರುತು ಹಿಡಿದು ಕೋಲು ಆಡಿಸುತ್ತಿದ್ದಳು. "ತುಳೀಬ್ಯಾಡ, ಸುತ್ತಾಕಿ ಹೋಗು. ಅದು ನಿಂದಲ್ಲ, ಎಡಕ್ಕ ಸರಿ."

ಸಮಿತಿಯ ಅಯ್ಯನವರು ಖಾಲಿ ಕಂಡ ಒಂದು ಚಾಪೆಯ ಮೇಲೆ ಕೂರಲು ಬಗ್ಗಿದರು. "ಅಲ್ಲಿ ಬ್ಯಾಡ್ರಿ ಅಯ್ಯಾರ. ಅವರು ಬಸ್ಸಿನ್ಯಾಗ ಅದಾರ, ಬರ್ತಾರ" ಎಂದು ಅಜ್ಜಿ ಬೋಳು ಚಾಪೆ ತೋರಿಸಿದಳು.

"ಇದು ಯಾರದಮ್ಮ?"

"ಬರೋರದು. ನೀವು ಬಂದೀರಲ್ಲ, ಕುಂದರ್ರಿ."

ಗುಡಿಯೆಲ್ಲ ನಕ್ಕಿತು. ಅಯ್ಯನವರೂ ನಕ್ಕು ಕಾಲು ಮಡಚಿ ಕೂತರು. ಬಸ್ಸಿನವರು ಪಾದ್ರಿಗಳ ಉಪದೇಶದ ನಡುವೆ ಬಂದರು, ಆದರೂ ಬಂದರು. ಆರಾಧನೆ ಮುಗಿದ ಮೇಲೆ, ಸುದ್ದಿ ಕೇಳಿಕೊಂಡು ಬಂದಿದ್ದ ಆದೋನಿಯ ಮುದುಕರೊಬ್ಬರು ಕೊನೆಯ ಸಾಲಿನ ಮೂರು ಚಾಪೆಗಳ ಮುಂದೆ ಬಹಳ ಹೊತ್ತು ನಿಂತು, ಒಂದರ ಮೂಲೆಯ ಸುಟ್ಟ ಕಲೆ ಮುಟ್ಟಿದರು. "ಲಾಟೀನು ಬಿದ್ದು ಸುಟ್ಟದ್ದು. ಕೆಡವಿದಾವ ನಾನ." ಅಜ್ಜಿ ಅವರ ಕೈ ಹಿಡಿದು, "ಎಲ್ಲಿದ್ದೆಪ್ಪಾ ಇಷ್ಟು ದಿನ" ಎಂದಳು. ಉಳಿದೆರಡರ ಮನೆಯವರು ಇನ್ನೂ ಸಿಕ್ಕಿಲ್ಲ. ಆ ತಪ್ಪು ನನ್ನದು, ನನ್ನ ಹತ್ತಿರವೇ ಇದೆ.

ಆ ದಿನ ನಾನು ಚರಿತ್ರೆ ಒಪ್ಪಿಸಿ ಮನೆಗಳ ಹೆಸರು ಕರೆದಾಗ ಎದ್ದು ನಿಂತ ಮನೆಗಳು ಇಪ್ಪತ್ತೆರಡು. ಎರಡು ವಾರ ಬಿಟ್ಟು ತೀರ್ಮಾನ ಬಂತು: ಸಭೆ ತನ್ನ ಪಾಡಿಗೆ ತಾನಿರಲಿ, ಪಾದ್ರಿಗಳು ತಿಂಗಳಿಗೆ ಎರಡು ಸಲ ಬರುತ್ತಾರೆ. ನಾನು ಪತ್ರ ಓದಿ ಹೇಳಿದಾಗ ಅಜ್ಜಿ ಎರಡು ಸಲ ಓದಿಸಿದಳು. "ಹಂಗಾದ್ರ ಬೀಗ ತರೂದು ಬ್ಯಾಡ" ಎಂದು ಕಣ್ಣೊರೆಸಿಕೊಂಡಳು.

ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಅಜ್ಜಿ ತೀರಿಕೊಂಡಳು. ಶನಿವಾರ ಕಸ ಹೊಡೆದು ಮಲಗಿದವಳು ಭಾನುವಾರ ಏಳಲಿಲ್ಲ. ಆಸುಪಾಸಿನ ಹೊಲಗಳವರು ಕುಡುಗೋಲು ಬಿಟ್ಟು ಬಂದರು. ಶವಪೆಟ್ಟಿಗೆಯನ್ನು ಬಡಿಗೇರ ಮನೆಯವರು ಮಾಡಿಕೊಟ್ಟರು. ಮಣ್ಣಾದ ಮೇಲೆ ಹಿರಿಯರೆಲ್ಲ ಕೂತು, ಅಜ್ಜಿಗೂ ಒಂದು ಚಾಪೆ ಇರಬೇಕೆಂದು ಒಂದೇ ಮಾತಿನಲ್ಲಿ ಒಪ್ಪಿದರು. ಆಕೆಯ ಕಂದು ಸೀರೆಯಿಂದ ಪಟ್ಟಿ ಹರಿದು ಬಾಗಿಲ ಬಳಿಯ ಬೋಳು ಚಾಪೆಗೆ ನಾನೇ ಅಂಚು ಹೊಲಿದೆ. ನನ್ನ ಹೊಲಿಗೆ ಸೊಟ್ಟ, ಆದರೆ ಗಟ್ಟಿ. ಅದನ್ನು ಹೊಸ್ತಿಲ ಪಕ್ಕ, ಆಕೆ ಕೂರುತ್ತಿದ್ದ ಕಲ್ಲಿನ ಮೇಲೆ ಹಾಸುತ್ತೇವೆ. ಪದ್ಧತಿಯ ಪ್ರಕಾರ ಸಿರುಗುಪ್ಪದ ಸಂತೆಯಿಂದ ಇನ್ನೊಂದು ಬೋಳು ಚಾಪೆ ತಂದು ಕೊನೆಗಿಟ್ಟೆವು.

ಈಗ ಚಾಪೆ ಹಾಸುವ ಪಾಳಿ ನಾಲ್ಕು ಜನರದು. ತಿಂಗಳ ಮೊದಲ ಭಾನುವಾರ ನನ್ನದು. ಬಳ್ಳಾರಿಯಿಂದ ಮೊದಲ ಬಸ್ಸು ಹಿಡಿಯುತ್ತೇನೆ. ನನ್ನ ಮೊಣಕಾಲಿಗೆ ನೋವಾಗುತ್ತದೆ, ಎಮ್ಮೆ ಚರ್ಮ ಇನ್ನೂ ಬಂದಿಲ್ಲ. ಕಳೆದ ಪಾಳಿಯಲ್ಲಿ ಎಲ್ಲ ಹಾಸಿ ಏಳುವಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ರಾಯಚೂರು ಕಡೆಯಿಂದ ನಾಟಿ ಕೆಲಸಕ್ಕೆ ಬಂದವಳು, ಪಾದದಲ್ಲಿ ಗದ್ದೆಯ ಕೆಸರು, ಸೊಂಟದಲ್ಲಿ ಕೂಸು. ಒಳಗೆ ಬರಲೋ ಬೇಡವೋ ಎಂದು ಬೋಳು ಚಾಪೆಯ ಕಡೆ ನೋಡುತ್ತಿದ್ದಳು.

"ಯಕ್ಕಾ, ಇಲ್ಲಿ ಕುಂದ್ರಬೌದೇನ್ರಿ? ಈ ಚಾಪಿ ಯಾರದು?"

"ನಿಮ್ಮದ" ಎಂದೆ. "ಕುಂದರ್ರಿ."