ಅಳೆದ ಮೇಲೆ ಆಟ

ನಮ್ಮ ಸರ್ ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಕಂಬ ನೆಟ್ಟಗಿದೆಯೋ ಇಲ್ಲವೋ ಎಂದು ವರ್ಷಗಟ್ಟಲೆ ಒಂದೇ ಕಣ್ಣಿನಲ್ಲಿ ನೋಡಿ ನೋಡಿ ಆದದ್ದು. ಚಹಾ ಕುಡಿಯುವಾಗಲೂ ಅಷ್ಟೇ, ಎದುರಿಗಿದ್ದವರು ಎಷ್ಟು ಸೊಟ್ಟಗಿದ್ದಾರೆ ಎಂದು ಪರೀಕ್ಷಿಸುವವರಂತೆ ನೋಡುತ್ತಿದ್ದರು.

ಮಹಾರಾಷ್ಟ್ರದ ಗಡಿಯೊಳಗಿನ ಕರಜಗಿಯ ನಮ್ಮ ಕನ್ನಡ ಶಾಲೆಯಲ್ಲಿ ಅವರು ಆಟದ ಮಾಸ್ತರರು. ಊರೆಲ್ಲ ಕಬಡ್ಡಿ, ಖೋಖೋ ಎನ್ನುವಾಗ ಈ ಮನುಷ್ಯ ಎಲ್ಲಿಂದಲೋ ಕೊರ್ಫ್‌ಬಾಲ್ ಹಿಡಿದು ತಂದಿದ್ದರು. ಒಂದೊಂದು ತಂಡದಲ್ಲಿ ನಾಲ್ವರು ಹುಡುಗರು, ನಾಲ್ವರು ಹುಡುಗಿಯರು. ಎತ್ತರದ ಕಂಬದ ತುದಿಗೆ ತಳವಿಲ್ಲದ ಬುಟ್ಟಿ. ಅದರ ಹಿಂದೆ ಹಲಗೆಯಿಲ್ಲ, ಚೆಂಡು ಹಿಡಿದು ಓಡುವಂತಿಲ್ಲ. ಹುಡುಗ ಹುಡುಗಿಯರು ಕೂಡಿ ಆಡುವ ಆಟವೆಂದು ತಿಳಿದು ನಮ್ಮಪ್ಪ ನನ್ನನ್ನು ಬಾಗಿಲಲ್ಲೇ ತಡೆದಿದ್ದ. ಸರ್ ಎಂಟು ದಿನ ತಪ್ಪದೆ ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋದರು. ಒಂಬತ್ತನೆಯ ದಿನ ಅಪ್ಪ, ಮನೆಯಲ್ಲಿ ಒಂದಿಷ್ಟು ಸಕ್ಕರೆಯಾದರೂ ಉಳಿಯಲಿ ಎಂದು ಒಪ್ಪಿಕೊಂಡ.

ಆದರೆ ಆಟ ಶುರುವಾದರೆ ತಾನೆ! ನಮ್ಮ ಮೈದಾನ ಕರಿ ಎರೆಮಣ್ಣಿನದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನೆಟ್ಟ ಕಂಬ ಈ ವಾರ ಇದ್ದಂತೆ ಮುಂದಿನ ವಾರ ಇರುವುದಿಲ್ಲ. ಅದಕ್ಕೆಂದೇ ಸರ್ ಮೂರೂವರೆ ಮೀಟರಿನ ಬಿದಿರ ಕೋಲೊಂದನ್ನು, ನಮ್ಮ ಕಡೆಯ ಮಾತಿನಲ್ಲಿ ಗಳು, ಕತ್ತರಿಸಿಟ್ಟಿದ್ದರು. ದಿನಾ ಸಂಜೆ ಮೊದಲು ಅಳತೆ. ಎರಡು ಬೆರಳು ಕುಸಿದಿದ್ದರೂ ಕಂಬ ಕಿತ್ತು, ಬುಡಕ್ಕೆ ಕಲ್ಲು ಬಡಿದು, ಮತ್ತೆ ನೆಟ್ಟು, ಮತ್ತೆ ಅಳೆಯಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಒಂದು ಟೇಪಾದರೂ ತರಬಾರದೇ ಎಂದು ಗೊಣಗಿದರೆ ಅವರದು ಒಂದೇ ಮಾತು: "ಟೇಪ ಜಗ್ಗಿದಂಗ ಹೇಳ್ತದ. ಬಿದರ ಸುಳ್ಳ ಹೇಳಂಗಿಲ್ಲ."

ಸೊಲ್ಲಾಪುರದಲ್ಲಿ ಜಿಲ್ಲಾ ತಂಡದ ಆಯ್ಕೆ ಇದ್ದ ದಿನ ಆ ಗಳು ಎಸ್.ಟಿ. ಬಸ್ಸನ್ನೂ ಹತ್ತಿತು. ಅಕ್ಕಲಕೋಟದವರೆಗೆ ಜನರ ತಲೆಗಳ ಮೇಲೆ ಅದನ್ನು ಎತ್ತಿ ಹಿಡಿದವಳು ನಾನು. ಒಬ್ಬ ಅಜ್ಜನ ಟೋಪಿ ಎರಡು ಸಲ ಉರುಳಿತು. ಕಂಡಕ್ಟರ್ ಮರಾಠಿಯಲ್ಲಿ ಬೈದ, ಸರ್ ಕನ್ನಡದಲ್ಲಿ ಬೈದರು, ಎರಡೂ ತಿಳಿಯುವ ನಾನು ತಲೆ ತಗ್ಗಿಸಿದೆ. ಅಲ್ಲಿ ಹೋಗಿ ಅವರು ಸಂಘಟಕರ ಕಂಬಕ್ಕೂ ಗಳು ಆನಿಸಿ ನೋಡಿದರು. ಕಂಬ ಸರಿಯಾಗಿಯೇ ಇತ್ತು. ಪೇಟೆಯ ಹುಡುಗಿಯರು ಬಾಯಿಗೆ ಕೈ ಹಿಡಿದು ನಕ್ಕರು. ನಾನು ಆಯ್ಕೆಯೇನೋ ಆದೆ. ಆದರೆ ಇನ್ನು ಜನ್ಮದಲ್ಲಿ ಯಾರ ಮುಂದೆಯೂ ಕಂಬ ಅಳೆಯುವುದಿಲ್ಲ ಎಂದು ಆಣೆ ಹಾಕಿಕೊಂಡೆ.

ಕೆಲವು ವರ್ಷಗಳ ನಂತರ ದೇಶದ ತಂಡಕ್ಕೆ ಸೇರಿದೆ. ವಿಶ್ವಕಪ್ಪಿಗೆ ಅರ್ಹತಾ ಪಂದ್ಯಾವಳಿ, ಅದೂ ಪರದೇಶದಲ್ಲಿ. ಹೊರಡುವ ಮುಂಚೆ ಫೋನು ಮಾಡಿದರೆ ಸರ್ ಆಶೀರ್ವಾದ ಗೀಶೀರ್ವಾದ ಏನೂ ಮಾಡಲಿಲ್ಲ. ಆಟಕ್ಕೆ ಮೊದಲು ಕಂಬ ಅಳೆಸು ಎಂದರು. ಹೂಂ ಎಂದೆ. ಅಳೆಸಲಿಲ್ಲ. ಮರದ ನೆಲ, ಥಳಥಳಿಸುವ ಕಂಬ. ಅಲ್ಲಿ ಹೋಗಿ ಹಳ್ಳಿ ಗಮಾರಳೆಂದು ತೋರಿಸಿಕೊಳ್ಳಲೇ? ಕೊನೆಯ ಪಂದ್ಯ ಗೆದ್ದರೆ ವಿಶ್ವಕಪ್, ಸೋತರೆ ಮನೆ. ಮೊದಲರ್ಧದಲ್ಲಿ ನಾನೆಸೆದ ಒಂದು ಚೆಂಡೂ ಬುಟ್ಟಿಗೆ ಬೀಳಲಿಲ್ಲ. ಕಂಬವೇ ಎತ್ತರವಾಗಿದೆ ಎಂಬ ಹುಳ ತಲೆಗೆ ಹೊಕ್ಕಿತು. ಒಮ್ಮೆ ಮೇಲೆ ಎಸೆದೆ, ಒಮ್ಮೆ ಮೆಲ್ಲಗೆ ಎಸೆದೆ. ವಿರಾಮದಲ್ಲಿ ತಡೆಯಲಾರದೆ, ಅಳೆಸೋಣ ಎಂದು ನಮ್ಮ ನಾಯಕನಿಗೆ ದುಂಬಾಲು ಬಿದ್ದೆ. ರೆಫರಿ ಅಳೆಯುವುದನ್ನು ಎರಡೂ ತಂಡದವರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸಿತು. ಆಮೇಲೆ ನಾನು ಮೂರು ಗೋಲು ಹಾಕಿದೆ. ತಂಡ ಒಂದು ಗೋಲಿನಿಂದ ಸೋತಿತು.

ಊರಿಗೆ ಬಂದವಳೇ ಜಗಳ ಮಾಡಲೆಂದು ಸರ್ ಮನೆಗೆ ಹೋದೆ.

"ನಿಮ್ಮ ಬಿದರಿನ ಹುಚ್ಚಿಗಿ ಎಲ್ಲಾರ ಮುಂದ ನನ್ನ ಮಾನ ಹೋತ್ರಿ ಸರ್. ಕಂಬ ಬರೋಬ್ಬರಿನೇ ಇತ್ತು."

"ಅಳದ ಮ್ಯಾಲ ಎಷ್ಟ ಹಾಕಿದಿ?" ಎಂದು ಕೇಳಿದರು.

"ಮೂರು."

"ಮತ್ತ ಮೊದಲ ಯಾಕ ಅಳಿಲಿಲ್ಲ?" ಎಡಗಣ್ಣು ಇನ್ನಷ್ಟು ಮುಚ್ಚಿಕೊಂಡಿತು. "ತಪ್ಪು ಕಂಬದ್ದಲ್ಲ ಅಂತ ಗೊತ್ತಾದ ಮ್ಯಾಲ ಕೈ ತಾನಽ ದಾರಿಗಿ ಬರ್ತದ ತಂಗಿ. ಅಳತಿ ಇರೋದಽ ಅದಕ್ಕ."

ಮೈಯೆಲ್ಲ ಉರಿಯಿತು. ಇದೊಂದು ಮಾತನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಲು ಇವರಿಗೇನು ಧಾಡಿಯಾಗಿತ್ತು? ಹಾಗೆಂದು ಕೇಳಿಯೂಬಿಟ್ಟೆ. ನೀನು ಕೇಳಿದ್ದು ಟೇಪಿನ ಮಾತು, ಇದನ್ನು ಯಾವಾಗ ಕೇಳಿದ್ದಿ ಎಂದು ನನಗೇ ತಿರುಗಿಸಿ, ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದುಕೊಂಡರು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ಹೋದ ಮಳೆಗಾಲದಲ್ಲಿ, ಮೂರು ತಿಂಗಳು ಹಾಸಿಗೆ ಹಿಡಿದು, ಸರ್ ತೀರಿಕೊಂಡರು. ಮಣ್ಣು ಮಾಡಿದ ದಿನ ನನಗೆ ಅಳು ಬರಲಿಲ್ಲ. ವಾರದ ಮೇಲೆ ಒಂದು ಸಂಜೆ ಶಾಲೆಯ ಕಡೆ ಹೋದೆ. ಮಕ್ಕಳು ಆಡುತ್ತಿದ್ದರು. ಗಳು ಪಡಸಾಲೆಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿತ್ತು. ತಂದು ಕಂಬಕ್ಕೆ ಆನಿಸಿದೆ. ನಾಲ್ಕು ಬೆರಳು ಕುಸಿದಿತ್ತು. ಅವರು ಮಲಗಿದಂದಿನಿಂದ ಯಾರೂ ಅಳೆದಿರಲಿಲ್ಲ. ಆಗ ಬಂತು ಅಳು. ಹೋಗುವಾಗಲೂ ಕೆಲಸ ಹಚ್ಚಿ ಹೋದಿರಲ್ಲ ಎಂದು ಅವರನ್ನು ಬೈಯುತ್ತಲೇ ಕಂಬ ಕೀಳಲು ಬಾಗಿದೆ. ಚೆಂಡು ಬಗಲಲ್ಲಿಟ್ಟುಕೊಂಡಿದ್ದ ಹುಡುಗಿಯೊಬ್ಬಳು, ಹೊತ್ತು ಮುಳುಗುತ್ತಿದೆ, ಆಟ ಇನ್ನು ಯಾವಾಗ ಎಂದು ಸಿಡುಕಿದಳು.

"ಅಳದ ಮ್ಯಾಲ," ಎಂದೆ.